ಪರದೆಯ ಹಿಂದಿನ ಹಾಡು

ಶಾಲೆಯ ಶಾರದಾ ಪೂಜೆಗೆ ಪ್ರಾರ್ಥನೆ ಹಾಡುವವಳು ಅವಳೇ ಎಂದು ತಿಂಗಳ ಹಿಂದೆಯೇ ನಿಶ್ಚಯವಾಗಿತ್ತು.

ಪೂಜೆಗೆ ಎರಡು ದಿನವಿರುವಾಗ ಟೀಚರ್ ಅವಳ ಜಡೆ ಎತ್ತಿ ನೋಡಿದರು. "ಥೂ, ಹೇನು! ನನ್ನ ಮಗಳು ನಿನ್ನ ಪಕ್ಕದಲ್ಲೇ ಕೂರೋದು ಕಣೇ. ತಲೆ ಬೋಳಿಸ್ಕೊಂಡು ಬಾ, ಇಲ್ಲಾಂದ್ರೆ ಹಾಡೋದೇ ಬೇಡ."

ಅಮ್ಮ ಕಣ್ಣೊರೆಸಿಕೊಳ್ಳುತ್ತಲೇ ಬೋಳಿಸಿದಳು. "ಕೂದ್ಲು ಮತ್ತೆ ಬರುತ್ತೆ ಬಿಡು ಮಗಾ. ಹಾಡೋದು ತಪ್ಪಬಾರ್ದು."

ಮರುದಿನ ಟೀಚರ್ ಮುಖ ಸಿಂಡರಿಸಿದರು. "ಅಯ್ಯೋ, ಬೋಳು ತಲೇಲಿ ಶಾರದಮ್ಮನ ಮುಂದೆ ನಿಲ್ತಾರಾ? ನನ್ನ ಮಗಳು ಹಾಡ್ತಾಳೆ. ನೀನು ಪರದೆ ಹಿಂದೆ ಕೂತು ಸಾಲು ಹೇಳ್ಕೊಡು."

ಪೂಜೆಯ ದಿನ ಅವಳು ಪರದೆಯ ಹಿಂದಿನಿಂದ ಒಂದೊಂದೇ ಸಾಲು ಹೇಳಿಕೊಟ್ಟಳು. ಮುಂದೆ ನಿಂತ ಟೀಚರ್ ಮಗಳು ಕೈಮುಗಿಯುವುದನ್ನೂ ಮರೆತು, ಮುಡಿದ ಮಲ್ಲಿಗೆಯೊಳಗೆ ಬೆರಳಿಟ್ಟು ಪರಪರ ತಲೆ ಕೆರೆದುಕೊಳ್ಳುತ್ತಿದ್ದಳು.