ಸಾಹೇಬರ ಬೆನ್ನುನೋವು

ಜಿಲ್ಲೆಯ ಆಡಳಿತ ಕಂಡ ಅತಿ ಗಂಭೀರ ಗಳಿಗೆ ಅದು: ವಿರೂಪಾಕ್ಷಯ್ಯ ಸಾಹೇಬರು ಬಗ್ಗಿ, ನೆಲದ ಮೇಲಿನ ಪೆನ್ನೆತ್ತಿ, ಆಯ್ಕೆ ಸಮಿತಿಯೆದುರು ನೆಟ್ಟಗೆ ನಿಂತರೆ ನಿರ್ದೇಶಕರಾಗುತ್ತಿದ್ದರು.

ಕೆಳಗಿನವರು ಮೇಲಿನವರ ನೋವು ಹೊರಬೇಕೆಂಬ ನಿಯಮದಂತೆ, ಅವರ ಬೆನ್ನುನೋವನ್ನು ಎಂಟು ವರ್ಷಗಳಿಂದ ಗುಮಾಸ್ತೆ ದಾಕ್ಷಾಯಣಿ ತನ್ನ ಬೆನ್ನಲ್ಲೇ ಹೊತ್ತಿದ್ದಳು. ಡಾಕ್ಟರು ಹೇಳಿದ ವ್ಯಾಯಾಮವನ್ನೂ ಸಾಹೇಬರು ಅವಳ ತಲೆಗೇ ಕಟ್ಟಿದ್ದರು.

“ಸಾರ್, ನೋವೇನೋ ನನ್ಗೆ ಬಂತು. ಅದಕ್ಕೆ ಕಾರಣವಾದ ಸೊರಗಿದ ಸ್ನಾಯು ನಿಮ್ಮ ಬೆನ್ನಲ್ಲೇ ಇದೆ. ಕಸರತ್ತು ನೀವೇ ಮಾಡ್ಬೇಕು,” ಎಂದು ಅವಳು ಎಷ್ಟೋ ಸಲ ಹೇಳಿದ್ದಳು.

“ನೋವೇ ಇಲ್ವಲ್ಲಮ್ಮ! ಬೆವರು ಸುರಿಸೋದೆಲ್ಲ ಗುಮಾಸ್ತರ ಕೆಲಸ,” ಎಂದು ಸಾಹೇಬರು ನಕ್ಕಿದ್ದರು.

ಈಗ ಅವರು ಠೀವಿಯಿಂದ ಬಗ್ಗಿದರು. ಬೆನ್ನೆಲುಬನ್ನು ಮೇಲೆತ್ತುವ ಕಸುವು ಒಳಗೆ ಉಳಿದಿರಲಿಲ್ಲ. ಬಗ್ಗಿದವರು ಹಾಗೇ ಉಳಿದರು. “ಒಂಚೂರೂ ನೋವಿಲ್ಲ!” ಎಂದು ನೆಲಕ್ಕೇ ವರದಿ ಒಪ್ಪಿಸಿದರು.

ಪಕ್ಕದಲ್ಲಿದ್ದ ದಾಕ್ಷಾಯಣಿ, ಎಂಟು ವರ್ಷ ಅವರ ಕಸರತ್ತು ಮಾಡಿ ಗಟ್ಟಿಯಾದ ಬೆನ್ನು ಬಗ್ಗಿಸಿ, ಪೆನ್ನೆತ್ತಿಕೊಂಡು ನೆಟ್ಟಗೆ ನಿಂತಳು. ಸಮಿತಿ ಹುದ್ದೆಯನ್ನು ಅವಳಿಗೆ ಕೊಟ್ಟಿತು.