ಊದದ ಸೀಟಿ

ಸುಜಾತಾ ಬಂಡೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದಳು. ಅವಳ ಕಾಲ ಕೆಳಗಿನ ಚಾಚಿದ ಕಲ್ಲಿಗೆ ಮೊರದಷ್ಟು ಅಗಲದ ಹೆಜ್ಜೇನು ಗೂಡು ಜೋತುಬಿದ್ದಿತ್ತು. ರಾಯದುರ್ಗದ ಬೆಟ್ಟ ಇಳಿಯುತ್ತಿದ್ದ ಎನ್‌ಸಿಸಿ ಹುಡುಗಿಯರೆಲ್ಲ ಆ ಬಂಡೆ ದಾಟಿಯಾಗಿತ್ತು, ಉಳಿದವಳು ಅವಳೊಬ್ಬಳೇ. ಸೀಟಿ ಊದು ಎಂದು ಹವಾಲ್ದಾರರು ಕೆಳಗಿನಿಂದ ಲೀಡರ್ ಶಿವಲೀಲಾಳಿಗೆ ಸನ್ನೆ ಮಾಡುತ್ತಿದ್ದರು. ಅವರಿದ್ದ ಕಡೆಗೆ ಹೆಜ್ಜೇನು ಕಾಣುತ್ತಿರಲಿಲ್ಲ.

ಸೀಟಿ ಕೇಳಿದ ಕೂಡಲೇ ಓಡಬೇಕೆಂದು ವಾರವೆಲ್ಲ ಮೈದಾನದಲ್ಲಿ ಕಲಿಸಿದ್ದರು. ಇಲ್ಲಿ ಓಡಿದರೆ ಕಾಲು ಜಾರುತ್ತದೆ, ಸದ್ದಿಗೆ ಹುಳುಗಳು ಏಳುತ್ತವೆ. ಊದದಿದ್ದರೆ ತೋಳಿನ ಲೀಡರ್ ಪಟ್ಟಿ ಸಂಜೆಯೊಳಗೆ ಬೇರೆಯವಳ ಪಾಲು. ಶಿವಲೀಲಾ ಸೀಟಿಯನ್ನು ಜೇಬಿಗಿಳಿಸಿ ವಾಪಸ್ ಹತ್ತಿ ಹೋದಳು. "ಏಳು, ಸುಜಿ" ಎಂದು ಪಿಸುಗುಟ್ಟಿದಳು. ಸುಜಾತಾ ಅವಳ ಮುಖವನ್ನೇ ದಿಟ್ಟಿಸುತ್ತ ಇನ್ನಷ್ಟು ಮುದುಡಿಕೊಂಡಳು.

ಜೀನ್ಸ್ ಹೊಲಿಯುವ ಮಿಷನ್ನಿಗೆ ಕೂರುವ ಮುಂಚೆ ಶಿವಲೀಲಾಳ ಅವ್ವ ಕುರಿ ಕಾಯುತ್ತಿದ್ದಳು. ಬೆದರಿದ ಕುರಿಯ ಎದುರು ನಿಂತರೆ ಅದು ಹಿಂದಕ್ಕೆ ಸರಿಯುತ್ತದೆ, ಬೆನ್ನು ತಿರುಗಿಸಿದರೆ ಬೆನ್ನಿಗೇ ಬರುತ್ತದೆ ಎನ್ನುತ್ತಿದ್ದಳು. ಹಿಂದಕ್ಕೆ ಸರಿಯಲು ಸುಜಾತಾಳಿಗೆ ಜಾಗವಿರಲಿಲ್ಲ. ಶಿವಲೀಲಾ ನಿಧಾನವಾಗಿ ಬೆನ್ನು ತಿರುಗಿಸಿ ನಿಂತಳು. ಈಗ ಅವಳಿಗೆ ಸುಜಾತಾ ಕಾಣುತ್ತಿರಲಿಲ್ಲ. ಹೆಜ್ಜೇನಿನ ಗುಂಯ್‌ಗುಡುವಿಕೆ ಮಾತ್ರ ಕೇಳುತ್ತಿತ್ತು. ಕೆಳಗೆ ಹವಾಲ್ದಾರರು ಸಿಟ್ಟಿನಿಂದ ಕೈ ಬೀಸುತ್ತಲೇ ಇದ್ದರು.

ಹಿಂದಿನಿಂದ ಒಂದು ಕೈ ಬಂದು ಅವಳ ಬೆಲ್ಟನ್ನು ಗಟ್ಟಿಯಾಗಿ ಹಿಡಿಯಿತು.

"ಅಕ್ಕಾ, ನೀನೂ ನಡುಗಾಕತ್ತೀಯಲ್ಲ!"

"ಹೌದವ್ವ. ಕೈ ಬಿಡಬ್ಯಾಡ" ಎಂದು ಶಿವಲೀಲಾ ಮೊದಲ ಹೆಜ್ಜೆ ಇಟ್ಟಳು.