ವಸ್ತಾದರ ಕೈ

ಸಹೃದಯರಾದ ವಾಚಕ ಮಹಾಶಯರೇ, ಊರಿಂದೂರಿಗೆ ಅಲೆಯುವವನ ಕಿವಿಗೆ ಬಿದ್ದ ಈ ವೃತ್ತಾಂತವನ್ನು ತಮ್ಮ ಅವಗಾಹನೆಗೆ ವಿನಯಪೂರ್ವಕವಾಗಿ ಸಾದರಪಡಿಸುತ್ತಿದ್ದೇನೆ. ಎರಡು ನಿಮಿಷ ಬಿಡುವು ಮಾಡಿಕೊಂಡು ಓದುವುದು...

ಕೃಷ್ಣಾ ನದಿಯ ದಂಡೆಯ ಒಂದು ಊರು. ಅಲ್ಲೊಂದು ಹಳೆಯ ಗರಡಿಮನೆ. ದಾವಲಸಾಬರು ಅಲ್ಲಿಯ ವಸ್ತಾದರು, ಅಂದರೆ ಕುಸ್ತಿಯ ಗುರುಗಳು.

ನಲವತ್ತು ವರ್ಷಗಳಿಂದ ಯಾವ ಪೈಲವಾನನ ಮೈ ನೊಂದರೂ, ಎಣ್ಣೆ ಕಾಯಿಸಿ ತಿಕ್ಕುತ್ತಿದ್ದುದು ಅವರದೇ ಕೈ.

ಅವರ ಶಿಷ್ಯರಲ್ಲಿ ಮಲಕಾರಿ ಎಂಬುವನೊಬ್ಬ. ಇಪ್ಪತ್ತಮೂರರ ಪ್ರಾಯ. ರಾಜ್ಯ ತಂಡದ ಆಯ್ಕೆಯಲ್ಲಿ ಎರಡು ಸಲ ಸೋತು ಬಂದಿದ್ದ. ಮೂರನೆಯ ಆಯ್ಕೆಗೆ ಒಂದೇ ತಿಂಗಳು ಉಳಿದಿತ್ತು...

ಯಾರೋ ಮೈಕಟ್ಟು ಬೆಳೆಸುವ, ಆಟಗಾರರಿಗೆ ನಿಷಿದ್ಧವಾದ ಸ್ಟೀರಾಯ್ಡ್ ಇಂಜೆಕ್ಷನ್ ತಂದುಕೊಟ್ಟರು. ಫೋನಿನಲ್ಲಿ ವಿಡಿಯೋ ನೋಡಿ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ತನ್ನ ತೊಡೆಗೆ ತಾನೇ ಚುಚ್ಚಿಕೊಂಡ.

ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ... ಅದೇ ಸೂಜಿಯಿಂದ.

ಎಂಟು ದಿನಗಳಲ್ಲಿ ಬಲತೊಡೆಯ ಮೇಲೆ ಗಂಟೊಂದು ಎದ್ದಿತು. ಮುಟ್ಟಿದರೆ ಬೆಂಕಿ. ಎಡತೊಡೆಯಲ್ಲೂ ಒಂದು ಸಣ್ಣಗೆ ತಲೆಯೆತ್ತುತ್ತಿತ್ತು.

"ಯಾಕಲೇ ಮಲಕಾರಿ, ಕುಂಟಾಕತ್ತೀಯಲ್ಲ?"

"ಏನಿಲ್ರೀ ವಸ್ತಾದ್ರ... ಪಟ್ಟು ಹಾಕೂ ಮುಂದ ಕಾಲು ಹಿಡಕೊಂಡೈತಿ."

ವಸ್ತಾದರು ಬಲತೊಡೆ ಮುಟ್ಟಿ ನೋಡಿದರು. "ಮಾಂಸ ಗಂಟು ಕಟ್ಟೇತಿ. ಬೆಲ್ಲದ ಉಂಡಿ ಇಟ್ಟಂಗ ಐತಲ್ಲೋ! ಬಾ, ಮೂರು ದಿನ ತಿಕ್ಕಿದ್ರ ಕರಗಿ ಹೋಕ್ಕೈತಿ."

ಆಗಲೇ ಹೇಳಬಹುದಿತ್ತು... ಹೇಳಿದರೆ ಆಯ್ಕೆಯ ಪಟ್ಟಿಯಿಂದ ಹೆಸರು ಹೋಗುತ್ತದೆ. ಮಲಕಾರಿ ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸುಮ್ಮನೆ ಮಲಗಿದ.

ಆ ಮುದಿ ಜೀವ ಮೂರು ದಿನ, ಬೆವರು ಸುರಿಸಿ, ಸತ್ಯ ತಿಳಿಯದೆ ತಿಕ್ಕಿತು.

ನಾಲ್ಕನೆಯ ದಿನ ಮೈ ಕೆಂಡವಾಗಿ, ಮಲಕಾರಿ ಅಖಾಡದ ಮಣ್ಣಿನಲ್ಲೇ ಕುಸಿದುಬಿದ್ದ.

ಆಸ್ಪತ್ರೆಯಲ್ಲಿ ತೊಡೆ ಕೊಯ್ದು ಕೀವು ತೆಗೆದರು. ಡಾಕ್ಟರಮ್ಮ, ಅಲ್ಲಿಯವರ ಮಾತಿನಲ್ಲಿ 'ಡಾಕ್ಟರ್ ಬಾಯಾರು', ಹೊರಗೆ ಬಂದವರೇ ಸಿಡುಕಿದರು. "ಕೀವು ತುಂಬಿದ ಗಂಟನ್ನ ಹಿಂಗ ತಿಕ್ಕಿದ್ರ ನಂಜು ಹರಡೂದಿಲ್ಲೇನ್ರೀ? ಯಾರು ತಿಕ್ಕಿದವರು?"

"ನಾನ ರೀ..." ಎಂದರು ದಾವಲಸಾಬರು. ಆಮೇಲೆ ತಮ್ಮ ಕೈಗಳನ್ನು ನೋಡುತ್ತ ನಿಂತುಬಿಟ್ಟರು.

ಡಾಕ್ಟರು ಒಳಗೆ ಬಂದು ಮಲಕಾರಿಯನ್ನು ಕೇಳಿದರು. "ಇಂಜೆಕ್ಷನ್ ಗಿಂಜೆಕ್ಷನ್ ಏನರೆ ತಗೊಂಡಿದ್ದೇನಪಾ?"

"ಇಲ್ರೀ."

ಎಡತೊಡೆಯ ಮೇಲೆ ಹೊದಿಕೆಯನ್ನು ಇನ್ನಷ್ಟು ಎಳೆದುಕೊಂಡ...

ಮರುದಿನದಿಂದ ವಸ್ತಾದರು ಬಾದಾಮಿ ಹಾಲು ತರತೊಡಗಿದರು. ಲೋಟವನ್ನು ಸ್ಟೂಲಿನ ಮೇಲಿಟ್ಟು, ದೂರ ಸರಿದು, ಕೈಗಳನ್ನು ಹೆಗಲವಸ್ತ್ರದೊಳಗೆ ಮುಚ್ಚಿಕೊಂಡು ನಿಲ್ಲುವರು. ಶಿಷ್ಯನ ಹಣೆ ಮುಟ್ಟಿ ಜ್ವರ ನೋಡಲೂ ಇಲ್ಲ.

ಐದನೆಯ ದಿನ ಜೊತೆಗಾರ ಗದಿಗೆಪ್ಪ ನೋಡಲು ಬಂದ.

"ನಿನ್ನಿ ನನ್ನ ಸೊಂಟ ಹಿಡೀತಪಾ. ವಸ್ತಾದ್ರು ಮುಟ್ಟಲೇ ಇಲ್ಲ. ಹೆಂಡ್ತಿ ಕಡೆ ತಿಕ್ಕಿಸಿಕೊಂಡೆ... ಆಕಿ ರೊಟ್ಟಿ ಬಡದಂಗ ಬಡದ್ಲು!"

ಮಲಕಾರಿ ನಗಲು ಹೋದ.

"ನಗಬ್ಯಾಡ ಮಾರಾಯಾ. ಎಣ್ಣಿ ಬಟ್ಟಲಾ ಬೋರಲು ಹಾಕ್ಯಾರ. 'ನನ್ನ ಕೈ ಪಾಪಿ ಕೈ, ಹುಡುಗನ ಕಾಲು ತಿಂತು. ಇನ್ನ ಯಾರ ಮೈನೂ ಮುಟ್ಟೂದಿಲ್ಲ' ಅಂತ ಆಣಿ ಮಾಡ್ಯಾರ."

ಆ ಮಾತು ಕೇಳಿದ ಮೇಲೆ ಮಲಕಾರಿ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಟ್ಟ...

ಆ ಸಂಜೆ ವಸ್ತಾದರು ಲೋಟ ಇಟ್ಟು ತಿರುಗುವಷ್ಟರಲ್ಲಿ ಕೂಗಿದ. "ವಸ್ತಾದ್ರ, ನಿಮ್ಮ ಕೈದು ತಪ್ಪಿಲ್ರೀ! ನಾನ... ನಾನ ಇಂಜೆಕ್ಷನ್ ಚುಚ್ಚಿಕೊಂಡಿದ್ದೆ. ಸೂಜಿನೂ ಬದಲಿ ಮಾಡಲಿಲ್ಲ."

ಹೊದಿಕೆ ಸರಿಸಿ ಎಡತೊಡೆಯನ್ನೂ ತೋರಿಸಿದ. ಅದು ಆಗಲೇ ಕೆಂಪೇರಿ ಬಿಗಿದಿತ್ತು.

ಕೆನ್ನೆಗೆ ಏಟು ಬೀಳುತ್ತದೆಂದು ಕಣ್ಣು ಮುಚ್ಚಿದ. ಬೀಳಲಿಲ್ಲ.

ಮುದುಕರು ಗೋಡೆ ಹಿಡಿದು ನೆಲಕ್ಕೆ ಕುಳಿತರು. "ಹಂಗಾರ ಕೈ ಅಲ್ಲ... ನನ್ನ ನಾಲಿಗಿ. ಹೋದ ಸಲ ಸೋತು ಬಂದಾಗ ಎಲ್ಲಾರ ಮುಂದ ಅಂದಿದ್ನಲ್ಲೋ, 'ಈ ಕೋಳಿ ಕಾಲು ಇಟಗೊಂಡು ಏನು ಕುಸ್ತಿ ಆಡ್ತಿ' ಅಂತ..."

"ಇಲ್ರೀ ವಸ್ತಾದ್ರ, ನಂದ ತಪ್ಪು. ನಂದ..."

ಇಬ್ಬರೂ ಅತ್ತರು. ಒಬ್ಬರ ತಪ್ಪನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದರು...

ಕೊನೆಗೆ ವಸ್ತಾದರೇ ಎದ್ದರು. "ತಪ್ಪು ಯಾರದಂತ ಆಮ್ಯಾಲ ಕುಸ್ತಿ ಹಿಡಿಯೋಣು. ಏಳು. ಮೊದ್ಲ ಡಾಕ್ಟರ್ ಬಾಯಾರ ಮುಂದ ಹೇಳು. ನನ್ನ ಮುಂದ ಅತ್ತರ ಕಾಲು ಉಳಿಯೂದಿಲ್ಲ."

ಎಡತೊಡೆಯನ್ನೂ ಕೊಯ್ಯಬೇಕಾಯಿತು. ಒಂದೆರಡು ದಿನ ತಡವಾಗಿದ್ದರೆ ನಂಜು ರಕ್ತಕ್ಕೇರುತ್ತಿತ್ತು ಎಂದರು ಡಾಕ್ಟರು. ಕಾಲು ಉಳಿಯಿತು. ಆಯ್ಕೆ ತಪ್ಪಿತು.

ಗರಡಿಮನೆಯಲ್ಲಿ ಎಲ್ಲರ ಎದುರು ನಿಂತು ಮಲಕಾರಿ ತಾನು ಮಾಡಿದ್ದನ್ನೆಲ್ಲ ಹೇಳಿಕೊಂಡ. ವಸ್ತಾದರು ಮತ್ತೆ ಎಣ್ಣೆ ಕಾಯಿಸತೊಡಗಿದರು.

ಆದರೆ ನಲವತ್ತು ವರ್ಷ ಯಾರನ್ನೂ ಏನೂ ಕೇಳದೆ ಮುಟ್ಟುತ್ತಿದ್ದ ಆ ಕೈ, ಈಗ ಪ್ರತಿಯೊಬ್ಬ ಪೈಲವಾನನ ಮೈಗೆ ಒಂದು ಗೇಣು ದೂರದಲ್ಲೇ ನಿಲ್ಲುತ್ತದೆ.

"ಏನರೆ ಚುಚ್ಚಿಕೊಂಡೀಯೇನೋ, ಮಗನ? ಖರೇ ಹೇಳು..."

ಆ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ, ಅಖಾಡದ ಮೂಲೆಯಲ್ಲಿ ಮಣ್ಣು ಹದಮಾಡುತ್ತಿರುವ ಮಲಕಾರಿ ಇಂದಿಗೂ ತಲೆ ಎತ್ತುವುದಿಲ್ಲ.

*

*ನಾವು ಹೇಳದೆ ನುಂಗಿದ ಸತ್ಯದ ಶಿಕ್ಷೆಯನ್ನು, ನಮ್ಮನ್ನು ನಂಬಿದವರು ಅನುಭವಿಸುತ್ತಾರೆ.*

ನಿಮ್ಮ ತಪ್ಪನ್ನು ತಮ್ಮದೆಂದುಕೊಂಡು ಇಂದು ಒಳಗೊಳಗೇ ಬೇಯುತ್ತಿರುವವರು ನಿಮ್ಮ ಬಳಿಯೂ ಒಬ್ಬರು ಇರಬಹುದಲ್ಲವೇ...?

ಇಷ್ಟನ್ನು ಬರೆದು, ಒಣಗಿದ ಅಂಗಿಯನ್ನು ಚೀಲಕ್ಕೆ ತುಂಬಿಕೊಂಡೆ. ಹೊಳೆಯಾಚೆಯ ಬಸ್ಸು ಬಂದು ನಿಂತಿದೆ, ಹೊರಡುತ್ತೇನೆ.